ಚುನಾವಣೆಯ ಮರುದಿನ ಟೀಮಿನಲ್ಲಿ ಏನು ಮಾತಾಡಬೇಕು: ಜರ್ಮನಿಯ ಐಟಿ ಕೆಲಸದಿಂದ

ಜರ್ಮನಿಗೆ ಬಂದ ಎಂಜಿನಿಯರಿನ ಮನಸ್ಸು 'ಇಲ್ಲೇ ಇರೋಣ'ದಿಂದ 'ನೋಡೋಣ'ಕ್ಕೆ ಜಾರಿದ್ದು ಮೊದಲು ಗೊತ್ತಾಗುವುದು ಜರ್ಮನ್ ಕ್ಲಾಸಿನಲ್ಲಿ. ಬಿ1, ಅಂದರೆ ಮಧ್ಯಮ ಹಂತದ ಭಾಷಾ ಪರೀಕ್ಷೆ ಮುಂದಿನ ತಿಂಗಳಿಗೆ, ಆಮೇಲೆ ಅದರ ಮುಂದಿನ ತಿಂಗಳಿಗೆ ಹೋಗುತ್ತದೆ. ರಾಜೀನಾಮೆ ಬರುವುದು ಎಷ್ಟೋ ಕಾಲದ ನಂತರ.

ಕರೆಯುವ ಕೈ, ತಳ್ಳುವ ಕೈ ಎರಡೂ ಇಲ್ಲಿ ಹಳೆಯವೇ. 2000ದಲ್ಲಿ ಶ್ರೋಡರ್ ಸರ್ಕಾರ ವಿದೇಶಿ ಐಟಿಯವರಿಗೆ 20,000 ಗ್ರೀನ್ ಕಾರ್ಡ್ (ಕೆಲಸದ ಪರವಾನಗಿ) ಘೋಷಿಸಿದಾಗ, ಆಗಿನ ವಿರೋಧ ಪಕ್ಷ ಸಿಡಿಯುವಿನ ನಾಯಕ ರುಟ್ಗರ್ಸ್ ಅವರ ಪ್ರಚಾರ 'ಕಿಂಡರ್ ಸ್ಟಾಟ್ ಇಂಡರ್', ಅಂದರೆ 'ಭಾರತೀಯರ ಬದಲು ನಮ್ಮ ಮಕ್ಕಳು' ಎಂಬ ಘೋಷಣೆಯಾಯಿತು. 2024ರ ಅಕ್ಟೋಬರಿನಲ್ಲಿ ಭಾರತೀಯ ಕುಶಲ ಕೆಲಸಗಾರರ ವೀಸಾ ಮಿತಿಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸಿದರು. ನಾಲ್ಕು ತಿಂಗಳಲ್ಲಿ, 'ರೆಮಿಗ್ರಾತ್ಸಿಯೋನ್' ಅಂದರೆ ವಲಸಿಗರನ್ನು ವಾಪಸ್ ಕಳಿಸುವ ಮಾತಾಡುವ ಎಎಫ್‌ಡಿ ಪಕ್ಷಕ್ಕೆ ಸಂಸತ್ ಚುನಾವಣೆಯಲ್ಲಿ ಶೇ. 20.8 ಮತ ಬಂತು.

ಇಂಥ ಚುನಾವಣೆಯ ಮರುದಿನ, ಸೋಮವಾರ, ಮ್ಯಾನೇಜರುಗಳು ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತೊಂದಿದೆ: 'ಆ ವಾಪಸ್ ಕಳಿಸುವ ಮಾತು ನಿನಗಲ್ಲ, ನೀನು ದುಡಿದು ತೆರಿಗೆ ಕಟ್ಟುವವನು.' ದಯವಿಟ್ಟು ಹೀಗೆ ಹೇಳಬೇಡಿ. ನಿನ್ನ ಜಾಗ ಸಂಬಳದ ಚೀಟಿ ಇರುವ ತನಕ ಎಂದು ಅದು ಕೇಳಿಸುತ್ತದೆ. ಟ್ರಾಮಿನಲ್ಲಿ ಎದುರು ಕೂತವರಿಗೆ ಸಂಬಳದ ಚೀಟಿ ಕಾಣುವುದೂ ಇಲ್ಲ.

ಅದರ ಬದಲು ಭಾಷಣ ಯಾವುದು, ಕಾನೂನು ಯಾವುದು ಎಂದು ಒಂದು ಹಾಳೆಯಲ್ಲಿ ಬೇರ್ಪಡಿಸಿ ಕೊಡಿ. ಬ್ಲೂ ಕಾರ್ಡ್ (ಪದವೀಧರ ಕುಶಲ ಕೆಲಸಗಾರರ ವಾಸದ ಪರವಾನಗಿ) ಇದ್ದವರಿಗೆ ಎ1, ಅಂದರೆ ಆರಂಭಿಕ ಹಂತದ ಜರ್ಮನ್ ಜೊತೆ 27 ತಿಂಗಳಿಗೆ, ಬಿ1 ಜೊತೆ 21 ತಿಂಗಳಿಗೆ ಶಾಶ್ವತ ವಾಸದ ಪರವಾನಗಿ. ಅಷ್ಟೂ ತಿಂಗಳ ಪಿಂಚಣಿ ವಂತಿಗೆ ಕಟ್ಟಿರಬೇಕು. 2025ರ ಅಕ್ಟೋಬರಿನಲ್ಲಿ ತೆಗೆದದ್ದು ಮೂರು ವರ್ಷದ ಪೌರತ್ವದ ದಾರಿಯನ್ನು ಮಾತ್ರ, ಐದು ವರ್ಷದ್ದು ಹಾಗೇ ಇದೆ. ಸುದ್ದಿಯ ತಲೆಬರಹ ಮಾತ್ರ ಓದಿದವರು ಎಲ್ಲ ಮುಚ್ಚಿತು ಅಂದುಕೊಳ್ಳುತ್ತಾರೆ. ಎರಡು ಪೌರತ್ವವನ್ನು ಜರ್ಮನಿ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಜರ್ಮನ್ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಆಮೇಲೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಪಡೆಯಬಹುದು. ಇದನ್ನೂ ಬರೆಯಿರಿ.

ನಿಜವಾದ ಹುಣ್ಣು ಇರುವುದು ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಯ ವಿಳಂಬದಲ್ಲಿ. ಸಿಬ್ಬಂದಿ ಕಡಿಮೆ, ಕಡತ ಜಾಸ್ತಿ, ಅಪಾಯಿಂಟ್‌ಮೆಂಟಿಗೆ ತಿಂಗಳುಗಟ್ಟಲೆ ಕಾಯಬೇಕು. ಟಿವಿಯಲ್ಲಿ ಅಂಥ ಭಾಷಣ ಕೇಳುತ್ತ ಕಾಯುವವರಿಗೆ ಆ ಮೌನವೇ 'ನೀನು ಬೇಡ' ಎಂಬ ಉತ್ತರವಾಗುತ್ತದೆ. ಆದ್ದರಿಂದ ಕಾರ್ಡಿನ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಎಚ್‌ಆರ್ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅವಧಿಯೊಳಗೆ ಅರ್ಜಿ ಬಿದ್ದಿರಲೇಬೇಕು. ಮಧ್ಯಂತರವಾಗಿ ಸಿಗುವ ಫಿಕ್ಷನ್ಸ್‌ಬೆಶೈನಿಗುಂಗ್ ಪತ್ರದಲ್ಲಿ ಚೌಕಗಳಿವೆ. ಜರ್ಮನಿಯ ವಾಸ ಕಾಯ್ದೆಯ ಕಲಂ 81, ಉಪಕಲಂ 4ರ ಚೌಕಕ್ಕೆ ಗುರುತು ಬಿದ್ದಿದ್ದರೆ ಊರಿಗೆ ಹೋಗಿ ಮರಳಬಹುದು. ಉಪಕಲಂ 3ರ ಚೌಕವಾದರೆ ಆ ಪತ್ರ ಹಿಡಿದು ಜರ್ಮನಿಯೊಳಗೆ ಮತ್ತೆ ಬರಲಾಗದು. ದಸರಾಕ್ಕೆ ಟಿಕೆಟ್ ಬುಕ್ ಮಾಡುವ ಮುನ್ನ ಆ ಚೌಕ ನೋಡಿಸಿ.

ಕ್ಲೈಂಟ್ ಊರುಗಳ ವಿಚಾರ: 2024ರ ರಾಜ್ಯ ಚುನಾವಣೆಯಲ್ಲಿ ಎಎಫ್‌ಡಿ ಮೊದಲ ಸ್ಥಾನಕ್ಕೆ ಬಂದ ಥುರಿಂಗಿಯಾ ರಾಜ್ಯದಲ್ಲೇ ಯೆನಾದಂಥ ದೃಗ್ವಿಜ್ಞಾನ ಉದ್ಯಮದ ಊರೂ ಇದೆ. ಅಲ್ಲಿಗೆ ಹೋಗುತ್ತೀರಾ ಎಂದು ಎಂಜಿನಿಯರನ್ನೇ ಕೇಳಿ. ರಕ್ಷಣೆಯ ಹೆಸರಿನಲ್ಲಿ ಸದ್ದಿಲ್ಲದೆ ಪ್ರಾಜೆಕ್ಟಿನಿಂದ ಕೈಬಿಟ್ಟರೆ ಅದೂ ಹೊರಗಿಟ್ಟಂತೆಯೇ.

ಇನ್ನು ಜರ್ಮನ್ ಕ್ಲಾಸು. ಸಂಜೆ ಆರರ ನಂತರ ಇಟ್ಟರೆ ಮೊದಲು ಬಿಡುವುದು ಅದನ್ನೇ. ವಾರಕ್ಕೆ ಎರಡು ಸಲ, ತೊಂಬತ್ತು ನಿಮಿಷ, ಕೆಲಸದ ಹೊತ್ತಿನಲ್ಲೇ ಇಡಿ. ಚುನಾವಣೆಯ ವಾರದಲ್ಲೂ ರದ್ದು ಮಾಡಬೇಡಿ.