ಏಣಿಯಿಂದ ಬಿದ್ದವರನ್ನು ಎತ್ತುವ ಮುಂಚೆ

"ಏಣಿಯಿಂದ ಒಬ್ಬರು ಬಿದ್ದಿದ್ದಾರೆ. ಮೊದಲು ಏನು ಮಾಡ್ತೀರಿ?"

ಪ್ರಥಮ ಚಿಕಿತ್ಸೆಯ ತರಬೇತಿ ಕೊಡಲು ಬಂದವರು ಹೀಗೆ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಕೊಡಗಿನ ಮಾದಾಪುರದ ಕಡೆಯ ನಮ್ಮೂರು ಕಾಫಿ, ಕರಿಮೆಣಸಿನ ಊರು. ಹಾಗೆ ಬಿದ್ದವರನ್ನು ನೋಡದ ಮನೆಯಿಲ್ಲ.

ನನಗೆ ಮೂರು ವರ್ಷದ ಹಿಂದಿನ ಫೆಬ್ರವರಿ ನೆನಪಾಯಿತು. ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ, ಮೆಣಸು ಕೊಯ್ಯುತ್ತಿದ್ದ ಅಣ್ಣ ಬೆನ್ನಡಿಯಾಗಿ ಬಿದ್ದರು. ಓಡಿಹೋಗಿ ಕಂಕುಳಿಗೆ ಕೈ ಕೊಟ್ಟು, ಕಾಲು ಹಿಡಿದು ಎತ್ತಿದೆವು. ನೀರು ಕುಡಿಸಿದೆವು. ಜೀಪಿನಲ್ಲಿ ಕೂರಿಸಿದೆವು. ತೋಟದ ದಾರಿಯ ಒಂದೊಂದು ಗುಂಡಿಗೂ ಅವರು ನರಳುತ್ತಿದ್ದರು. ಈಗ ನಡೆದಾಡುತ್ತಾರೆ, ಅದು ನಮ್ಮೆಲ್ಲರ ಪುಣ್ಯ. ನಾವು ಮಾಡಿದ್ದು ಮಾತ್ರ ಅಷ್ಟೂ ತಪ್ಪು.

ಬೆನ್ನುಮೂಳೆ ಮುರಿದಿದ್ದಾಗ ದೇಹ ಬಾಗಿದರೆ ಒಳಗಿನ ನರಕ್ಕೆ ಪೆಟ್ಟಾಗಬಹುದು. ಆಮೇಲೆ ಕಾಲೇ ಏಳದೆ ಹೋಗಬಹುದು. ಅದಕ್ಕೇ ಮೊದಲು ಒಬ್ಬರು ತಲೆಯ ಹತ್ತಿರ ಮಂಡಿಯೂರಿ, ತಲೆ ಕತ್ತು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿಯಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಜಾಗದಿಂದ ಸಾಗಿಸಲೇಬೇಕಾದರೆ ಮೂವರು ಪಕ್ಕದಲ್ಲಿ ಕೂತು, ತಲೆ ಹಿಡಿದವರು ಎಣಿಸಿದ ಮೇಲೆ, ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ದೇಹವನ್ನು ಒಟ್ಟಿಗೇ ಹೊರಳಿಸಿ ಹಲಗೆ ಸೇರಿಸಬೇಕು. ಹೇಳುವಾಗ ಸುಲಭ. ಮೊದಲ ಸಲ ನಮ್ಮ ಗುಂಪಿನಲ್ಲಿ ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ಹೋಯಿತು. ಆರನೇ ಸಲಕ್ಕೆ ಸರಿಯಾಯಿತು.

ಕಾಲು ಮುರಿದವರಿಗಾದರೆ ಎರಡು ಬಿದಿರಿನ ಗಳ, ಎರಡು ಕಾಫಿ ಚೀಲ ಸಾಕು. ಚೀಲದ ತಳದ ಮೂಲೆ ಕತ್ತರಿಸಿ ಗಳ ತೂರಿಸಿದರೆ ಸ್ಟ್ರೆಚರ್ ಆಗುತ್ತದೆ. ಬೆನ್ನಿಗೆ ಪೆಟ್ಟಾಗಿದ್ದರೆ ಅದು ಬೇಡ, ಗಟ್ಟಿ ಹಲಗೆಯೇ ಬೇಕು. ಉಸಿರು ನಿಂತವರಿಗೆ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ ಒತ್ತುವುದನ್ನು ಬೊಂಬೆಯ ಮೇಲೆ ಮಾಡಿಸಿದರು. ಎರಡು ನಿಮಿಷಕ್ಕೇ ತೋಳು ಸೋತುಹೋಗುತ್ತದೆ, ಆಗ ಇನ್ನೊಬ್ಬರು ಕೈ ಬದಲಿಸಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದೂ ಬೇಡ, ಕೊಯ್ಯುವುದೂ ಬೇಡ. ನಡೆಸದೆ ಬೇಗ ಆಸ್ಪತ್ರೆಗೆ ಸೇರಿಸಬೇಕು.

ಮಧ್ಯಾಹ್ನ ಬರೆ, ಅಂದರೆ ಗುಡ್ಡದ ಇಳಿಜಾರು, ಕುಸಿಯುವ ಮಾತು ಬಂತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ರಸ್ತೆಯೇ ಹೋದ ಮೇಲೆ ಆಂಬ್ಯುಲೆನ್ಸ್ ಎಲ್ಲಿಂದ ಬರಬೇಕು? ಅವತ್ತು ಎಷ್ಟೋ ಕಡೆ ಮೊದಲು ಕೈ ಕೊಟ್ಟಿದ್ದು ಪಕ್ಕದ ಮನೆಯವರೇ ಅಲ್ವಾ. ಒರತೆಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ನೆಟ್ಟಗಿದ್ದ ಮರ ವಾಲಿದರೆ, ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಮನೆ ಬಿಡಬೇಕು. ಸಾಮಾನು ನೋಡುತ್ತಾ ನಿಲ್ಲಬಾರದು. ನಾವು ತೋಟದವರು ದಿನಾ ಬೆಳಿಗ್ಗೆ ಮಳೆ ಎಷ್ಟು ಇಂಚು ಅಂತ ಡೈರಿಯಲ್ಲಿ ಬರೆದಿಡುತ್ತೇವೆ. ಆ ಲೆಕ್ಕವನ್ನು ಬರೆಯ ಕೆಳಗಿರುವ ಲೈನ್ ಮನೆಗಳಿಗೂ, ಅಂದರೆ ತೋಟದ ಕೆಲಸದವರ ಸಾಲುಮನೆಗಳಿಗೂ, ಹೇಳಬೇಕು ಅಂತ ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ.

ಒಂದು ಬೇಸರ ಮಾತ್ರ ಉಳಿಯಿತು. ಬಂದಿದ್ದ 30 ಜನರಲ್ಲಿ ಲೈನ್ ಮನೆಯವರು ನಾಲ್ಕೇ ಜನ. ಏಣಿ ಹತ್ತುವವರು ಅವರು. ಬಿದ್ದಾಗ ಪಕ್ಕದಲ್ಲಿರುವವರೂ ಅವರೇ. ನಾವು ಮನೆಯಿಂದ ಓಡಿಬರುವಷ್ಟರಲ್ಲಿ ಅವರು ಎತ್ತಿ ಆಗಿರುತ್ತದೆ.

ಮುಂದಿನ ಶನಿವಾರ ಸಂಬಳದ ದಿನ, ಕಾಫಿ ಕಣದಲ್ಲಿ ಎಲ್ಲರನ್ನೂ ಸೇರಿಸಿದೆವು. ಅಸ್ಸಾಮಿನಿಂದ ಬಂದ ಹುಡುಗರಿಗೆ ತರಬೇತಿಗೆ ಬಂದಿದ್ದ ಲೈನ್ ಮನೆಯ ಅಕ್ಕನೇ ಹಿಂದಿಯಲ್ಲಿ ಹೇಳಿಕೊಟ್ಟರು. ನನಗಿಂತ ಚೆನ್ನಾಗಿ ಹೇಳಿದರು. ಅಂದು ಬಿದ್ದಿದ್ದ ಅಣ್ಣ ಸ್ವಲ್ಪ ಹೊತ್ತು ದೂರ ನಿಂತು ನೋಡಿದರು. ಆಮೇಲೆ ಬಂದು ತಲೆ ಹಿಡಿಯುವವರ ಜಾಗದಲ್ಲಿ ಮಂಡಿಯೂರಿದರು.

ಆ ಹಲಗೆ ಈಗ ಗೋದಾಮಿನ ಬಾಗಿಲ ಪಕ್ಕದಲ್ಲಿದೆ. ಅದರ ಮುಂದೆ ಗೊಬ್ಬರದ ಚೀಲ ಇಡಲು ಅಣ್ಣ ಯಾರಿಗೂ ಬಿಡುವುದಿಲ್ಲ.