ಹಳೇ ಆಜ್ ಮುಂದೆ ಹೊಸ ಪೂರ್ವಕಥೆ

ಕಕ್ಕಡ ತಿಂಗಳ ಮಳೆಗೆ ಮಡಿಕೇರಿ ಕಡೆ ಮಕ್ಕಳು ಮನೆಯೊಳಗೇ ಕೂರುವಾಗ 1939ರ ಸಿನಿಮಾ 'ದಿ ವಿಜರ್ಡ್ ಆಫ್ ಆಜ್' ಹಾಕಿ, ಆಮೇಲೆ 2013ರ ಪೂರ್ವಕಥೆ 'ಆಜ್ ದಿ ಗ್ರೇಟ್ ಆ್ಯಂಡ್ ಪವರ್‌ಫುಲ್'. ಹೊಸದನ್ನೇ ಮೊದಲು ನೋಡಿದರೆ ಮಾಂತ್ರಿಕನ ಗುಟ್ಟು ರಟ್ಟಾಗಿ ಹಳೆಯದು ಸಪ್ಪೆಯಾಗುತ್ತದೆ.

ಹಳೆಯದರಲ್ಲಿ ನಾಯಕಿ ಡೊರೋಥಿ ಬಾಗಿಲು ತೆರೆಯುವ ಶಾಟ್ ನೋಡಿ. ಕಂದು ಮನೆಯಿಂದ ಬಣ್ಣದ ಲೋಕಕ್ಕೆ ಹೋಗುವ ಆ ಶಾಟನ್ನು ಬಣ್ಣದಲ್ಲೇ ಚಿತ್ರೀಕರಿಸಿದ್ದು. ಒಳಗಿನ ಸೆಟ್ಟಿಗೆ ಕಂದು ಬಳಿದು, ಕಂದು ಉಡುಪಿನ ಬದಲಿ ನಟಿಯಿಂದ ಬಾಗಿಲು ತೆಗೆಸಿದರು. ಆಕೆ ಸರಿದ ಮೇಲೆ ಡೊರೋಥಿ ಪಾತ್ರದ ಜೂಡಿ ಗಾರ್ಲೆಂಡ್ ನೀಲಿ ಫ್ರಾಕಿನಲ್ಲಿ ಬರುತ್ತಾರೆ. ಹೊಸದರಲ್ಲಿ ಕಪ್ಪು-ಬಿಳುಪಿನ 4:3 ಚೌಕಟ್ಟು ನಿಧಾನವಾಗಿ ಅಗಲವಾಗಿ ಬಣ್ಣ ಬರುತ್ತದೆ. ಟಿವಿ 'ಜೂಮ್'ನಲ್ಲಿದ್ದರೆ ಇದು ಸರಿಯಾಗಿ ಕಾಣದು, ಪಕ್ಕದ ಕಪ್ಪು ಪಟ್ಟಿ ಹಾಗೇ ಇರಲಿ.

ಡೊರೋಥಿಯ ಕೆಂಪು ಪಾದರಕ್ಷೆ ಮಾತ್ರ ಹೊಸದರಲ್ಲಿ ಹುಡುಕಬೇಡಿ. ಮೂಲ ಕಾದಂಬರಿಯಲ್ಲಿ ಅವು ಬೆಳ್ಳಿಯವು, ಕೆಂಪಾಗಿಸಿದ್ದು 1939ರ ಚಿತ್ರ. ಆ ಚಿತ್ರದ ಹಕ್ಕು ವಾರ್ನರ್ ಬ್ರದರ್ಸ್‌ನದು, ಪೂರ್ವಕಥೆ ಡಿಸ್ನಿಯದು.

ಹೊಸದು ಹಳೆಯದಕ್ಕೆ ಸಾಟಿಯೇ? ಇಲ್ಲ. ಒಂದು ಸೇಬು ಕಚ್ಚಿದ್ದೇ ತಡ ಮಾಟಗಾತಿ ಥಿಯೋಡೋರಾ ದುಷ್ಟೆ! ಅಷ್ಟು ಅವಸರಕ್ಕೆ ಹೆದರಿಕೆ ಹುಟ್ಟುವುದಿಲ್ಲ. ಆದರೂ ಪಿಂಗಾಣಿ ಹುಡುಗಿಯ ಮುರಿದ ಕಾಲಿಗೆ ಮಾಂತ್ರಿಕ ಅಂಟು ಹಚ್ಚಿ ಕೂಡಿಸುವ ದೃಶ್ಯವಿದೆಯಲ್ಲ, ಅದನ್ನು ತಪ್ಪಿಸಬೇಡಿ.