ಹಳೇ ಫಿಲ್ಟರ್ ಎಸೆಯೋ ಮುಂಚೆ ಒಂದು ಸಲ ಬಿಚ್ಚಿ ನೋಡಿ

ಮೊನ್ನೆ ಶನಿವಾರ ಮಧ್ಯಾಹ್ನ ಪೀಣ್ಯದ ನಮ್ಮ ಶೆಡ್ ಮುಂದೆ ಕೂತು ಎಕ್ಸ್‌ಕವೇಟರಿನ, ಅಂದರೆ ಮಣ್ಣು ತೋಡುವ ಗಾಡಿಯ, ಒಂದು ಹೈಡ್ರಾಲಿಕ್ ಫಿಲ್ಟರನ್ನು ಕತ್ತರಿಸುತ್ತಿದ್ದೆ. ಗಾಡಿಯ ಕೈ ಎತ್ತಿ ಇಳಿಸುವ ಆಯಿಲನ್ನು ಸೋಸುವುದು ಇದೇ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಪಕ್ಕ ಬಂದು ನಿಂತ. "ಅಣ್ಣ, ಇದು ಬಿಚ್ಚಿ ಹಾಕಿದ ಫಿಲ್ಟರ್ ಅಲ್ವಾ? ಹೊಸದು ಆಗಲೇ ಕೂರಿಸಿ ಆಯ್ತಲ್ಲ" ಅಂದ. ಅವನಿಗೆ ಅಲ್ಲೇ ಕೂರಿಸಿಕೊಂಡು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ಇಟ್ಟುಕೊಂಡವರು, ಓಡಿಸುವವರು, ರಿಪೇರಿ ಮಾಡುವವರು ಎಲ್ಲರಿಗೂ ಇದು ಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ಥಣಿಸಂದ್ರದ ಕಡೆ ಒಂದು ಅಪಾರ್ಟ್‌ಮೆಂಟಿಗೆ ಎರಡು ಬೇಸ್‌ಮೆಂಟ್ ತೋಡುತ್ತಿದ್ದೆವು. ಹನ್ನೆರಡು ಅಡಿಗೆ ಬಂಡೆ ಸಿಕ್ಕಿತು. 20 ಟನ್ ಗಾಡಿಗೆ ಬಕೆಟ್ ತೆಗೆದು, ಕಲ್ಲು ಕುಟ್ಟಿ ಒಡೆಯುವ ಬ್ರೇಕರ್ ಹಾಕಿದೆವು. ಬೆಳಿಗ್ಗೆಯಿಂದ ಸಂಜೆವರೆಗೂ ಬಂಡೆ ಒಡೆಯುವುದೇ ಕೆಲಸ. ಬ್ರೇಕರ್ ಕೆಲಸ ಅಂತ ಫಿಲ್ಟರ್‌ಗಳನ್ನು 250 ಗಂಟೆಗೇ ಬದಲಿಸಿದೆ. ಪುಸ್ತಕದಲ್ಲಿ ತಾರೀಕು, ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ರೀಡಿಂಗ್ ಎರಡೂ ಬರೆದೆ. ಹಳೇದನ್ನು ಮೂಲೆಯ ಡ್ರಮ್ಮಿಗೆ ಹಾಕಿದೆ. ಕೆಲಸ ಮುಗೀತು ಅಂದುಕೊಂಡೆ.

ಮೂರು ವಾರಕ್ಕೆ ಆಪರೇಟರ್ ಫೋನ್. ಬೆಳಿಗ್ಗೆ ಸರಿಯಾಗಿ ಎದ್ದ ಬೂಮ್ (ಗಾಡಿಯ ದೊಡ್ಡ ಕೈ), ಆಯಿಲ್ ಬಿಸಿ ಆಗ್ತಿದ್ದ ಹಾಗೆ ಸುಸ್ತಾಗುತ್ತಿದೆ, ಪಂಪ್ ಬೇರೆ ಥರ ಅರಚುತ್ತಿದೆ ಅಂದ. ಪಂಪ್ ಬಿಚ್ಚಿದಾಗ ನನ್ನ ಕೈ ನಡುಗಿತು. ಪಿಸ್ಟನ್‌ಗಳ ತುದಿಯಲ್ಲಿ ಷೂ ಅಂತ ಇರುತ್ತದಲ್ಲ, ಅದರ ಕಂಚು ಸವೆದು ಹೋಗಿತ್ತು. ಸವೆದಿದ್ದು ಪುಡಿಯಾಗಿ ವಾಲ್ವ್ ಬ್ಲಾಕ್, ಸಿಲಿಂಡರ್, ಕೂಲರ್, ಟ್ಯಾಂಕ್ ಎಲ್ಲಾ ಕಡೆ ಹರಡಿತ್ತು. ಎಲ್ಲಾ ತೊಳೆದು, ಪಂಪ್ ಹೊಸದು ಮಾಡಿ, ಗಾಡಿ ಮತ್ತೆ ಎದ್ದು ನಿಲ್ಲೋ ಹೊತ್ತಿಗೆ 19 ದಿನ. ಆ 19 ದಿನ ಬಾಡಿಗೆ ಇಲ್ಲ, ಕಂತು ಮಾತ್ರ ನಿಲ್ಲಲಿಲ್ಲ.

ಆಮೇಲೆ ಒಂದು ಸಂಜೆ ಏನೋ ನೆನಪಾಗಿ ಆ ಡ್ರಮ್ ಕೆದಕಿ ಹಳೇ ಫಿಲ್ಟರ್ ಹುಡುಕಿ ತೆಗೆದೆ. ಕತ್ತರಿಸಿ ಬಿಡಿಸಿದರೆ ಒಂದೊಂದು ಮಡಿಕೆಯ ಒಳಗೂ ಬಂಗಾರದ ಬಣ್ಣದ ಪುಡಿ. ಬಿಸಿಲಿಗೆ ಹಿಡಿದರೆ ಮಿನುಗುತ್ತಿತ್ತು. ಪಂಪ್ ಮೂರು ವಾರ ಮುಂಚೆಯೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಆಗಲೇ ನೋಡಿದ್ದರೆ ಪಂಪ್ ಒಂದನ್ನೇ ಇಳಿಸಿ, ಸವೆದ ಭಾಗ ಬದಲಿಸಿ ಮುಗಿಸಬಹುದಿತ್ತು. ಆ ಮಿನುಗು ಇವತ್ತಿಗೂ ಕಣ್ಣ ಮುಂದಿದೆ.

ಇಷ್ಟು ಸಣ್ಣ ಪುಡಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಕೂತುಬಿಡುತ್ತದೆ ಅಂತ ಕೇಳಬಹುದು. ಕಾರಿನ ಟೈರಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ಒತ್ತಡ ಇರುತ್ತದೆ. 20 ಟನ್ ಎಕ್ಸ್‌ಕವೇಟರಿನ ಹೈಡ್ರಾಲಿಕ್ ಲೈನಿನಲ್ಲಿ ಸುಮಾರು 350 ಕೆಜಿ. ಅಷ್ಟು ಒತ್ತಡ ಸೋರದೆ ನಿಲ್ಲಬೇಕು ಅಂದರೆ ಪಂಪಿನ ಒಳಗೆ ಓಡಾಡುವ ಭಾಗಗಳ ನಡುವೆ ಕೆಲವೇ ಮೈಕ್ರಾನ್ ಸಂದು ಇರಬೇಕು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬರಿಗಣ್ಣಿಗೆ 40 ಮೈಕ್ರಾನಿಗಿಂತ ಸಣ್ಣದು ಕಾಣುವುದು ಕಷ್ಟ. ಅಂದರೆ ಪಂಪನ್ನು ತಿನ್ನುವ ಧೂಳು ನಮಗೆ ಕಾಣುವುದೇ ಇಲ್ಲ. ಡಿಪ್‌ಸ್ಟಿಕ್ ಎತ್ತಿ, ಬೆರಳಲ್ಲಿ ಉಜ್ಜಿ, "ಆಯಿಲ್ ಕ್ಲೀನ್ ಆಗಿದೆ ಬಿಡಿ" ಅನ್ನುವವರ ಮಾತು ದಯವಿಟ್ಟು ನಂಬಬೇಡಿ.

ನಮ್ಮೂರ ಧೂಳಂತೂ ಬೇರೆಯೇ. ಲಾಲ್‌ಬಾಗಿನ ಬಂಡೆ ಮೇಲೆ ಹತ್ತಿ ಕೂತಿರುತ್ತೀರಿ ಅಲ್ವಾ, ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಹೇಳುವ ಆ ಕಲ್ಲು, ಅದೇ ಜಾತಿಯ ಕಲ್ಲೇ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ನಮ್ಮ ಬ್ರೇಕರಿಗೆ ಎದುರಾಗುವುದು. ಅದರಲ್ಲಿ ಕ್ವಾರ್ಟ್ಜ್ ಇದೆ. ಸಾಮಾನ್ಯ ಉಕ್ಕನ್ನೇ ಗೀರುವಷ್ಟು ಗಟ್ಟಿ, ಇನ್ನು ಕಂಚು ಯಾವ ಲೆಕ್ಕ. ಒಡೆದ ಬಂಡೆಯ ಧೂಳು ಸಿಲಿಂಡರ್ ರಾಡಿನ ಮೇಲೆ ಕೂರುತ್ತದೆ, ರಾಡ್ ಒಳಗೆ ಹೋಗುವಾಗ ಅದನ್ನು ಒರೆಸುವ ವೈಪರ್ ಸೀಲ್ ಸವೆದಿದ್ದರೆ ಜೊತೆಗೇ ಹೋಗುತ್ತದೆ. ಬ್ರೇಕರ್ ಹೋಸ್ ಬಿಚ್ಚಿ ಮುಚ್ಚಳ ಹಾಕದೆ ನೆಲದ ಮೇಲೆ ಬಿಟ್ಟರೆ ಅಲ್ಲಿಂದಲೂ ಹೋಗುತ್ತದೆ.

ಇನ್ನೊಂದು ದಾರಿ ಟ್ಯಾಂಕ್ ಮೇಲಿರುವ ಬ್ರೀದರ್. ಸಿಲಿಂಡರ್‌ಗಳು ಚಾಚಿದಾಗ ಟ್ಯಾಂಕಿನಲ್ಲಿ ಆಯಿಲ್ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ಬೇಕು, ಅದು ಬರುವುದು ಬ್ರೀದರ್ ಮೂಲಕ. ಎಲ್ಲಾ ಫಿಲ್ಟರಿಗಿಂತ ಅಗ್ಗದ್ದು ಇದೇ. ಎಲ್ಲರೂ ಮರೆಯುವುದೂ ಇದನ್ನೇ. ನನಗೆ ಇದರ ಮೇಲೆ ನಿಜವಾಗಿ ಸಿಟ್ಟು ಬರುತ್ತದೆ. ಲಕ್ಷಗಟ್ಟಲೆ ಪಂಪಿಗೆ ಖರ್ಚು ಮಾಡುವವರು ಬ್ರೀದರ್ ಅಂದರೆ "ಮುಂದಿನ ಸಲ ನೋಡೋಣ" ಅನ್ನುತ್ತಾರೆ.

ಫಿಲ್ಟರ್ ತುಂಬಿದರೆ ಗಾಡಿ ನಿಂತುಬಿಡುತ್ತದೆ, ಆಗ ಗೊತ್ತಾಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಟ್ಯಾಂಕಿಗೆ ವಾಪಸ್ ಬರುವ ಆಯಿಲ್ ಸೋಸುವ ರಿಟರ್ನ್ ಫಿಲ್ಟರಿಗೆ ಬೈಪಾಸ್ ವಾಲ್ವ್ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡು ಒತ್ತಡ ಏರಿದರೆ ಅದು ತೆರೆದುಕೊಂಡು, ಆಯಿಲ್ ಸೋಸದೇ ಸೀದಾ ಟ್ಯಾಂಕಿಗೆ ಹೋಗುತ್ತದೆ. ಗಾಡಿ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಒಳಗೆ ಮಾತ್ರ ಕಲ್ಲಿನ ಪುಡಿ ಸುತ್ತುತ್ತಿರುತ್ತದೆ. ಅದಕ್ಕೇ ಗಂಟೆ ನೋಡಿ ಬದಲಿಸಬೇಕು, ಗಾಡಿಯ ಓಟ ನೋಡಿ ಅಲ್ಲ. ಬಕೆಟ್ ಕೆಲಸಕ್ಕೆ ಮ್ಯಾನ್ಯುಯಲ್ 1000 ಗಂಟೆ ಅಂದಿದ್ದರೆ ಬ್ರೇಕರಿಗೆ ಅದೇ ಲೆಕ್ಕ ಹಿಡಿಯಬೇಡಿ. ಬ್ರೇಕರಿಗೆ ಬೇರೆ ಪಟ್ಟಿ ಇರುತ್ತದೆ, ಹುಡುಕಿ ಓದಿ.

ಬದಲಿಸುವ ದಿನ ಅವಸರ ಬೇಡ. ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ಲೈನಿನ ಒತ್ತಡ ಇಳಿಸಿ. ಟ್ಯಾಂಕಿನ ಗಾಳಿ ಬಿಡಿ. ಬಿಸಿ ಆಯಿಲ್ ಮುಖಕ್ಕೆ ಹಾರಿ ಸುಟ್ಟುಕೊಂಡವರನ್ನು ನೋಡಿದ್ದೇನೆ. ಸೋರಿಕೆ ಹುಡುಕೋಕೆ ಯಾವತ್ತೂ ಕೈ ಹಿಡಿಯಬೇಡಿ, ರಟ್ಟು ಹಿಡಿಯಿರಿ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೋ ಕೈಯೋ ಹೋಗಬಹುದು.

ಮುಚ್ಚಳ ಬಿಚ್ಚುವ ಮುಂಚೆ ಸುತ್ತಲಿನ ಮಣ್ಣು ಚೆನ್ನಾಗಿ ಒರೆಸಿ. ವೇಸ್ಟ್ ಕಾಟನ್ ಬೇಡ, ನೂಲು ಬಿಡುತ್ತದೆ. ಹೊಸ ಫಿಲ್ಟರನ್ನು ಕೂರಿಸುವ ಕ್ಷಣದವರೆಗೂ ಕವರ್‌ನಲ್ಲೇ ಇಡಿ. ಹಳೇ ಫಿಲ್ಟರಿಗೆ ಗಾಳಿ ಹೊಡೆದು ಮತ್ತೆ ಹಾಕಬೇಡಿ. ಟ್ಯಾಂಕಿನಿಂದ ಪಂಪಿಗೆ ಹೋಗುವ ಆಯಿಲ್ ಸೋಸುವ ತಂತಿ ಜಾಲರಿಯ ಸಕ್ಷನ್ ಸ್ಟ್ರೈನರ್ ತೊಳೆಯಬಹುದು. ಉಳಿದವು ಪೇಪರ್ ಇಲ್ಲವೇ ಗ್ಲಾಸ್ ಫೈಬರ್, ಗಾಳಿ ಹೊಡೆದರೆ ಕಣ್ಣಿಗೆ ಕಾಣದ ಹಾಗೆ ಹರಿಯುತ್ತವೆ.

ಹೊಸ ಬ್ಯಾರೆಲ್ ಆಯಿಲ್ ಶುದ್ಧ ಅನ್ನುವುದೂ ತಪ್ಪು. ಸೋಸಿಯೇ ಟ್ಯಾಂಕಿಗೆ ಹಾಕಿ. ಬ್ಯಾರೆಲ್ ಮಳೆಯಲ್ಲಿ ನೆಟ್ಟಗೆ ನಿಂತಿದ್ದರೆ ಮೇಲೆ ನೀರು ನಿಲ್ಲುತ್ತದೆ, ಹಗಲು ಬಿಸಿಗೆ ಹಿಗ್ಗಿ ರಾತ್ರಿ ತಣಿದಾಗ ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡು ಬಿರಡೆಯೂ ಒಂದೇ ಮಟ್ಟಕ್ಕೆ ಬರುವ ಹಾಗೆ ಅಡ್ಡ ಮಲಗಿಸಿಡಿ.

ಈಗ ಕತ್ತರಿಸುವ ವಿಷಯ. ಫಿಲ್ಟರ್ ಒಂದು ರಾತ್ರಿ ಸೋರಲಿ. ತಗಡಿನ ಡಬ್ಬಿ ಥರದ್ದಾದರೆ ಹ್ಯಾಕ್ಸಾ ಬ್ಲೇಡ್ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಅದಕ್ಕೇ ಅಂತ ಕಟರ್ ಸಿಗುತ್ತದೆ. ಮಡಿಕೆಗಳನ್ನು ಚಾಕುವಿನಲ್ಲಿ ಮೇಲೆ ಕೆಳಗೆ ಕೊಯ್ದು ತೆಗೆದು, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಹಿಂಡಿ, ಬಿಳಿ ಕಾಗದದ ಮೇಲೆ ಬಿಸಿಲಲ್ಲಿ ಬಿಡಿಸಿ. ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಅಂಟಿಕೊಂಡರೆ ಉಕ್ಕು, ಬೇರಿಂಗ್ ಅಥವಾ ಗೇರ್ ಕಡೆ ನೋಡಬೇಕು. ಹಳದಿಯಾಗಿ ಮಿನುಗಿ ಅಂಟದೇ ಉಳಿದರೆ ಕಂಚು, ಪಂಪು ಮೋಟರುಗಳ ಕಡೆ ಗಮನ ಕೊಡಿ. ಕಪ್ಪು ರಬ್ಬರ್ ಚೂರು ಸೀಲಿನದು. ಬೆರಳಿಗೆ ಗರಗರ ಅನ್ನುವ ಬೂದಿ ಬಣ್ಣದ್ದು ನಮ್ಮ ಬಂಡೆ, ಬ್ರೀದರ್ ಮತ್ತು ವೈಪರ್ ಸೀಲ್ ನೋಡಿ. ನುಣುಪಾದ ಅಲ್ಪಸ್ವಲ್ಪ ಪುಡಿ ಎಲ್ಲಾ ಗಾಡಿಯಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ. ಹೋದ ಸಲಕ್ಕಿಂತ ಜಾಸ್ತಿ ಇದೆಯಾ ಅನ್ನುವುದೇ ಮುಖ್ಯ. ಅದಕ್ಕಾಗಿ ನಾನು ಪ್ರತಿ ಸಲದ ಒಂದು ತುಂಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟೆ ಬರೆದು ಇಡುತ್ತೇನೆ. ಉಳಿದ ಫಿಲ್ಟರ್, ಹಳೇ ಆಯಿಲ್ ಎರಡನ್ನೂ ಚರಂಡಿಗೆ, ಕಸಕ್ಕೆ ಹಾಕಬೇಡಿ, ಪರವಾನಗಿ ಇರುವವರಿಗೇ ಕೊಡಿ.

ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಫಿಲ್ಟರ್ ಕತ್ತರಿಸಿದರೆ ಮಡಿಕೆಗಳ ಜೋಡಣೆಯ ಅಂಟೇ ಬಿಟ್ಟುಕೊಂಡಿತ್ತು, ಆಯಿಲ್ ಅಲ್ಲಿಂದಲೇ ಹಾದು ಹೋಗುತ್ತಿತ್ತು. ಡಬ್ಬಿ ಮೇಲಿನ ಅಕ್ಷರ ಅಚ್ಚುಕಟ್ಟಾಗಿತ್ತು. ಕತ್ತರಿಸದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಶನಿವಾರ ಆ ಹುಡುಗ ಎಲ್ಲಾ ಕೇಳಿ, ಕಾಗದವನ್ನು ತಾನೇ ಬಿಸಿಲಿಗೆ ತಿರುಗಿಸಿ ನೋಡತೊಡಗಿದ. ಎರಡು ನಿಮಿಷಕ್ಕೆ "ಅಣ್ಣ, ಇದು ರಬ್ಬರ್ ಅಲ್ವಾ?" ಅಂದ. ಉಗುರಿನ ಅಂಚಿನಷ್ಟು ಕಪ್ಪು ಚೂರು, ಮೂರಿದ್ದವು. ನನಗೆ ಕಂಡಿರಲಿಲ್ಲ. ಸೋಮವಾರ ಸಿಲಿಂಡರ್‌ಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಆರ್ಮ್ ಸಿಲಿಂಡರ್ ಬಿಚ್ಚಿದೆವು. ಪಿಸ್ಟನ್ ಸೀಲಿನ ಅಂಚು ಕಿತ್ತು ಬಂದಿತ್ತು. ಸೀಲ್ ಕಿಟ್ ಹಾಕಿದೆವು, ಬುಧವಾರ ಗಾಡಿ ಸೈಟಿಗೆ ಹೋಯಿತು. ಆದರೆ ಸಿಕ್ಕ ಚೂರುಗಳನ್ನು ಜೋಡಿಸಿದರೆ ಕಿತ್ತ ಜಾಗ ಪೂರ್ತಿ ತುಂಬುವುದಿಲ್ಲ, ಒಂದು ಚೂರು ಇನ್ನೂ ಎಲ್ಲೋ ಒಳಗೇ ಇದೆ. ಮುಂದಿನ ಫಿಲ್ಟರ್ 100 ಗಂಟೆಗೇ ತೆಗೆದು ನೋಡಬೇಕು ಅಂತ ಹುಡುಗ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ.